ವೇಗ ತಪ್ಪಿದ ಕ್ಯಾಸೆಟ್ಟುಗಳು

ಖಮರುದ್ದೀನ್ ಸಾಹೇಬರ ವೈಂಡಿಂಗ್ ಶೆಡ್ಡು ಕಪನೂರಿನ ಕಾರ್ಖಾನೆಗಳ ಎರಡನೇ ಸಾಲಿನಲ್ಲಿತ್ತು. ನಂದೂರಿನ ಬೇಳೆ ಮಿಲ್ಲುಗಳಲ್ಲಿ ಸುಟ್ಟುಹೋದ ಮೋಟಾರುಗಳು ಅಲ್ಲಿಗೇ ಬರುತ್ತಿದ್ದವು. ಅವುಗಳನ್ನು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸದನ್ನು ಸುತ್ತಿ, ವಾರ್ನಿಶ್ ಹಚ್ಚಿ ಒಣಗಿಸಿ ಮತ್ತೆ ತಿರುಗುವಂತೆ ಮಾಡುವ ಕೆಲಸಕ್ಕೆ ಬಂಡೂರಾವ್ ಸೇರಿದ್ದು ಐಟಿಐ ಮುಗಿಸಿದ ವರ್ಷ. ಪುರಾಣಿಕರ ಮನೆತನದವನು ಕೈಗೆಲ್ಲ ಮಸಿ ಬಳಿದುಕೊಂಡು ಕೂರುವುದು ಸಂಬಂಧಿಕರಿಗೆ ಸೇರಿರಲಿಲ್ಲ. ಬಂಡೂಗೆ ಸೇರಿತ್ತು. ಕರೆಂಟು ಕೊಟ್ಟ ಕೂಡಲೇ ಮೋಟಾರು ಎಬ್ಬಿಸುವ ದನಿ ಕೇಳಿಯೇ, ಬೇರಿಂಗು ಸವೆದಿದೆಯೋ ಸುತ್ತು ತಪ್ಪಿದೆಯೋ ಎಂದು ಅವನು ಹೇಳಬಲ್ಲವನಾಗಿದ್ದ. ಸಾಹೇಬರು ಗಿರಾಕಿಗಳ ಮುಂದೆ ಅವನನ್ನು ತೋರಿಸಿ, "ಇವ್ನ ಕಿವಿ ಡಾಕ್ಟರನ ಕಿವಿ ನೋಡ್ರಿ," ಅನ್ನುತ್ತಿದ್ದರು.

ಮನೆ ಕಲಬುರಗಿ ಶಹರಿನ ಬ್ರಹ್ಮಪುರದಲ್ಲಿ, ಶರಣಬಸವೇಶ್ವರ ಗುಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ತಂದೆ ತೀರಿಕೊಂಡಿದ್ದರು. ಮನೆಯಲ್ಲಿ ಅವನು ಮತ್ತು ತಾಯಿ ಮಥುರಾಬಾಯಿ ಇಬ್ಬರೇ. ಮಥುರಾಬಾಯಿ ಓಣಿಯ ಹೆಂಗಸರ ಭಜನಿ ಮಂಡಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಗುರುವಾರ ಮಧ್ಯಾಹ್ನ ಅವರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಅರ್ಧ ಕನ್ನಡ, ಅರ್ಧ ಮರಾಠಿ ಪದಗಳನ್ನು ಹಾಡುವರು. ಯಾರಾದರೂ ಶ್ರುತಿ ಬಿಟ್ಟರೆ ಮಥುರಾಬಾಯಿ ಬಾಯಿ ಬಿಟ್ಟು ಅನ್ನುತ್ತಿರಲಿಲ್ಲ. ಹಾರ್ಮೋನಿಯಂನ ಆ ಸ್ವರದ ಮನೆಯೊಂದನ್ನೇ ಒತ್ತಿ ಹಿಡಿದು, ತಪ್ಪಿದವಳು ದಾರಿಗೆ ಬರುವ ತನಕ ಬಿಡುತ್ತಿರಲಿಲ್ಲ.

ಮೇಲಿನ ಕೋಣೆಯನ್ನು ಮೆಡಿಕಲ್ ಕಾಲೇಜಿನ ಒಬ್ಬ ವಿದ್ಯಾರ್ಥಿಗೆ ಬಾಡಿಗೆಗೆ ಕೊಟ್ಟಿದ್ದರು. ಗುಜರಾತಿ ಮನೆತನದವನು, ಹುಟ್ಟಿ ಬೆಳೆದದ್ದು ನೈರೋಬಿಯಲ್ಲಿ. ೧೯೮೨ರಲ್ಲಿ ಓದು ಮುಗಿಸಿ ಹೊರಟಾಗ ಅವನ ಸಾಮಾನು ವಿಮಾನದ ಲೆಕ್ಕಕ್ಕಿಂತ ಭಾರವಾಯಿತು. ಹೀಗಾಗಿ ಒಂದು ಜಪಾನಿ ಟೇಪ್ ರಿಕಾರ್ಡರು ಮತ್ತು ಹನ್ನೊಂದು ಕ್ಯಾಸೆಟ್ಟುಗಳನ್ನು ಬಂಡೂನ ಕೈಗಿಟ್ಟು ಹೋದ. ಡೀಪ್ ಪರ್ಪಲ್, ಲೆಡ್ ಜೆಪ್ಲಿನ್ ಎಂದೆಲ್ಲ ರಾಕ್ ತಂಡಗಳ ಹೆಸರು ಮೇಲೆ ಬರೆದಿತ್ತು. ಬಂಡೂಗೆ ಹೆಸರುಗಳೂ ಗೊತ್ತಿರಲಿಲ್ಲ, ಹಾಡಿನ ಮಾತೂ ತಿಳಿಯುತ್ತಿರಲಿಲ್ಲ. ಆದರೆ ಮೊದಲ ಕ್ಯಾಸೆಟ್ಟು ಹಾಕಿದಾಗ ಗಿಟಾರಿನ ಆ ಒರಟು ಗುಡುಗು ಅವನ ಎದೆಗೂಡಿಗೇ ಬಂದು ಕೂತಿತು. ಹತ್ತು ಅಶ್ವಶಕ್ತಿಯ ಮೋಟಾರೊಂದು ಭಾರ ಎಳೆಯುತ್ತ ಹಾಡತೊಡಗಿದರೆ ಹೀಗೇ ಇರಬಹುದು ಅನ್ನಿಸಿತು.

ಅಡುಗೆಮನೆಯಿಂದ ಮಥುರಾಬಾಯಿ ಕೇಳಿದರು, "ಬಂಡು, ಇವ್ರು ಹಾಡ್ಲಾಕತ್ತಾರೋ, ಜಗಳಾ ತಗದಾರೋ?"

"ಹಾಡಾಕತ್ತಾರವ್ವಾ."

"ಇರವಲ್ದ್ಯಾಕ. ಬಾಗಲಾ ಮುಂದ ಮಾಡು." ಬಂಡು ಬಾಗಿಲು ಎಳೆದುಕೊಂಡ.

ಹನ್ನೊಂದರಲ್ಲಿ ಹತ್ತು ಅಂಗಡಿಯಲ್ಲಿ ಕೊಂಡವು. ಒಂದು ಮಾತ್ರ ಬೇರೆ. ಅದರ ಮೇಲೆ ಪೆನ್ನಿನಲ್ಲಿ ಊರು, ತಾರೀಖು ಬರೆದಿತ್ತು. ಯಾರೋ ಪ್ರೇಕ್ಷಕ ಜಾಕೀಟಿನೊಳಗೆ ರಿಕಾರ್ಡರು ಬಚ್ಚಿಟ್ಟುಕೊಂಡು ಹೋಗಿ, ಕಛೇರಿ ನಡೆಯುತ್ತಿರುವಾಗಲೇ ಹಿಡಿದ ಟೇಪು ಅದು. ಯಾರೋ ಕೆಮ್ಮುತ್ತಾರೆ. ಹಿಂದಿನ ಸಾಲಿನಲ್ಲಿ ಇಬ್ಬರು ಏನೋ ವಾದಿಸುತ್ತಾರೆ. ಹಾಡುಗಾರ ಎರಡನೇ ಚರಣವನ್ನು ಮೊದಲು ಎತ್ತಿಕೊಂಡು, ತಪ್ಪು ತಿಳಿದು ನಕ್ಕು, ಮತ್ತೆ ಶುರುಮಾಡುತ್ತಾನೆ. ಆ ನಗು ಕೇಳಲಿಕ್ಕೆಂದೇ ಬಂಡು ಟೇಪನ್ನು ಮೂರು ಸಲ ಹಿಂದೆ ಓಡಿಸಿದ. ಉಳಿದ ಹತ್ತು ಕ್ಯಾಸೆಟ್ಟುಗಳು ಪೌಡರು ಹಚ್ಚಿ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದಂತೆ ಕಂಡವು. ಇದರಲ್ಲಿ ಅವರು ಬೆವರುತ್ತಿದ್ದರು.

ಆ ಡಬ್ಬಿಯೊಳಗಿನ ಚೀಟಿಯಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಡೆರೆಕ್ ಎಂಬವನ ವಿಳಾಸವಿತ್ತು. ಬಂಡು ಡಿಕ್ಷನರಿ ಇಟ್ಟುಕೊಂಡು, ನಾಲ್ಕು ಸಲ ಹರಿದು ಬರೆದು, ಒಂದು ಕಾಗದ ಹಾಕಿದ. ಏಳು ವಾರಕ್ಕೆ ಉತ್ತರ ಬಂತು. ಡೆರೆಕ್ ಬಸ್ ಡ್ರೈವರು. ಹದಿನಾರು ವರ್ಷದಿಂದ ಇಂಥ ಕಛೇರಿಯ ಟೇಪುಗಳನ್ನು ಕೂಡಿಸುತ್ತಿದ್ದ. ಒಂಬತ್ತು ಹಾಳೆಯ ಪಟ್ಟಿ ಟೈಪು ಮಾಡಿ ಜೊತೆಗಿಟ್ಟಿದ್ದ. ನಮ್ಮಲ್ಲಿ ಮಾರಾಟವಿಲ್ಲ, ಟೇಪಿಗೆ ಟೇಪು, ನಿಮ್ಮ ಹತ್ತಿರ ಏನಿದೆ ಎಂದು ಕೇಳಿದ್ದ.

ಬಂಡೂನ ಹತ್ತಿರ ಇದ್ದ ಕಛೇರಿಯ ಟೇಪು ಒಂದೇ, ಅದೂ ಡೆರೆಕ್‌ನಿಂದಲೇ ಬಂದದ್ದು. ಪಟ್ಟಿಯನ್ನು ಓದುವುದು, ಮಡಿಸುವುದು, ಮತ್ತೆ ತೆಗೆದು ಓದುವುದು. ಹೀಗೆ ಒಂದು ತಿಂಗಳು ಕಳೆಯಿತು.

ಒಂದು ಭಾನುವಾರ ಮಥುರಾಬಾಯಿ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ಬಂಡು ಅಂಗಡಿಯ ಕ್ಯಾಸೆಟ್ಟೊಂದನ್ನು ಕೇಳಿ ಮುಗಿಸಿ, ಅದೇ ತಂಡದ ಆ ಕಛೇರಿಯ ಟೇಪು ಹಾಕಿದ. ಮಥುರಾಬಾಯಿಯ ಕೈ ಮೊರದ ಮೇಲೆ ನಿಂತಿತು.

"ಆಗಳೆ ಹಾಡಿದವ್ರೂ ಇವ್ರೇ ಏನು?"

"ಹೌದವ್ವಾ, ಅವ್ರೇ. ಹಾಡೂ ಅದೇ."

"ಮತ್ತ ಪಟ್ಟಿ ಯಾಕ ಬ್ಯಾರೆ ಆಗ್ಯದ? ಆಗ ಬಿಳಿ ಮೂರರ ಮ್ಯಾಲಿತ್ತು. ಈಗ ಬಿಳಿ ನಾಕಕ್ಕ ಏರ್ಯದ. ಹಾಡಾಂವನ ದನೀನೂ ಸಣ್ಣಾಗ್ಯದ ನೋಡು."

ಭಜನಿಯವರು ಶ್ರುತಿಗೆ ಪಟ್ಟಿ ಅನ್ನುವರು, ಬಿಳಿ ಮೂರು, ಬಿಳಿ ನಾಲ್ಕು ಎಂದು ಹಾರ್ಮೋನಿಯಂನ ಮನೆ ಎಣಿಸಿ ಹೇಳುವರು. ಬಂಡೂಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಮಥುರಾಬಾಯಿ ಕೈ ಝಾಡಿಸಿ ಎದ್ದು, ಹಾರ್ಮೋನಿಯಂ ಎಳೆದುಕೊಂಡು ಎರಡು ಮನೆಗಳನ್ನು ಒಂದಾದ ಮೇಲೊಂದು ಒತ್ತಿ ತೋರಿಸಿದರು. ಆಗ ಅವನಿಗೆ ತಿಳಿಯಿತು. ಯಾಕೆ ಹೀಗಾಯಿತೆಂಬುದು ಅವನ ಕಸುಬಿನ ಮಾತು. ಕಛೇರಿಯಲ್ಲಿ ಹಿಡಿದ ರಿಕಾರ್ಡರಿನ ಮೋಟಾರು ನಿಧಾನವಾಗಿ ಓಡಿದೆ. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಹಾಡು ಬೇಗ ಓಡುತ್ತದೆ, ಶ್ರುತಿ ಏರುತ್ತದೆ. ಅವನು ತನ್ನ ಮಷೀನಿನ ಬೆನ್ನು ಬಿಚ್ಚಿದ. ಮೋಟಾರಿನ ಹಿಂದೆ ಒಂದು ತೂತು, ತೂತಿನೊಳಗೆ ವೇಗ ಹೊಂದಿಸುವ ಒಂದು ಸಣ್ಣ ಸ್ಕ್ರೂ. ಗಡಿಯಾರದವರ ಸ್ಕ್ರೂಡ್ರೈವರು ಇಟ್ಟು ಕೂದಲೆಳೆಯಷ್ಟು ತಿರುಗಿಸಿದ. ಮಥುರಾಬಾಯಿ ಬಿಳಿ ಮೂರು ಒತ್ತಿ ಹಿಡಿದಿದ್ದರು.

"ಇನ್ನ ಇಳಸು. ಇನ್ನ. ಹಾಂ, ಬಿಡು. ಈಗ ಮನಿಗಿ ಬಂತು."

ಹಾಡುಗಾರನ ದನಿ ದಪ್ಪವಾಗಿತ್ತು. ಡ್ರಮ್ಮಿಗೆ ತೂಕ ಬಂದಿತ್ತು. ತಾಯಿ ಮಗ ಇಬ್ಬರೂ ಕೊನೆಯ ತನಕ ಕೇಳಿದರು. ಬೇಳೆ ಹಾಗೇ ಉಳಿಯಿತು.

ಸ್ನೇಹಿತನೊಬ್ಬನ ಟೇಪ್ ರಿಕಾರ್ಡರು ಕೇಳಿ ತಂದು, ಸರಿಯಾದ ವೇಗದ ಪ್ರತಿ ತೆಗೆದು ಬಂಡು ಶೆಫೀಲ್ಡಿಗೆ ಕಳಿಸಿದ. ನನ್ನಲ್ಲಿ ಕೊಡಲು ಏನೂ ಇಲ್ಲ, ನಿಮ್ಮ ಟೇಪು ಬೇಗ ಓಡುತ್ತಿತ್ತು, ಸರಿ ಮಾಡಿದ್ದೇನೆ, ಕೇಳಿ ನೋಡಿ ಎಂದಷ್ಟೇ ಬರೆದ. ಎರಡು ತಿಂಗಳಿಗೆ ಐದು ಕ್ಯಾಸೆಟ್ಟುಗಳ ಪಾರ್ಸೆಲ್ಲು ಬಂತು. ಜೊತೆಗೊಂದು ಚೀಟಿ: "ಎಂಟು ವರ್ಷದಿಂದ ಇದನ್ನು ಕೇಳುತ್ತಿದ್ದೇನೆ, ಒಮ್ಮೆಯೂ ಗೊತ್ತಾಗಿರಲಿಲ್ಲ. ಇದೇ ಬೇನೆಯ ನಲವತ್ತು ಟೇಪು ನನ್ನ ಹತ್ತಿರ ಇವೆ."

ಅಲ್ಲಿಂದ ಬಂಡೂನ ಸಂಗ್ರಹ ಶುರುವಾಯಿತು. ಡೆರೆಕ್ ತನ್ನ ಬಳಗದವರಿಗೆ ಹೇಳಿದ. ಒಸಾಕಾದಿಂದ, ಓಸ್ಲೋದಿಂದ ಕಾಗದಗಳು ಬರತೊಡಗಿದವು. ವೇಗ ತಪ್ಪಿದ ಟೇಪು ಬರುವುದು, ಸರಿಯಾಗಿ ಹೋಗುವುದು, ಅದಕ್ಕೆ ಬದಲಾಗಿ ಇನ್ನೊಂದು ಕಛೇರಿ ಬ್ರಹ್ಮಪುರದ ಗೂಡಿಗೆ ಸೇರುವುದು. ಒಂದು ತಂಡ ಯಾವ ಶ್ರುತಿಗೆ ತಂತಿ ಬಿಗಿಯುತ್ತದೆಂಬುದನ್ನು ಮಥುರಾಬಾಯಿ ಅಂಗಡಿಯ ಕ್ಯಾಸೆಟ್ಟಿನಿಂದ ಗುರುತು ಹಿಡಿಯುವರು. ಬಂಡು ಅದನ್ನೊಂದು ವಹಿಯಲ್ಲಿ ಬರೆದಿಡುವನು. ಅವರಿಗೆ ತಂಡಗಳ ಹೆಸರು ನಾಲಿಗೆಗೆ ಹೊರಳುತ್ತಿರಲಿಲ್ಲ. ತಾವೇ ಹೆಸರಿಟ್ಟುಕೊಂಡಿದ್ದರು. ಒಬ್ಬ ಗಂಟಲು ಹರಕೊಳ್ಳಾಂವ, ಇನ್ನೊಬ್ಬ ಉಸಿರು ಬಿಡದಾಂವ. ಹಾಡುಗಾರರಿಗಿಂತ ಡ್ರಮ್ಮಿನವರ ಮೇಲೆ ಅವರಿಗೆ ಮಮತೆ. "ಇಷ್ಟ ಗದ್ದಲದಾಗೂ ಲಯ ಬಿಟ್ಟಿಲ್ಲ ನೋಡು, ಭಪ್ಪರೆ ಮಗನ," ಅನ್ನುವರು.

ಒಮ್ಮೆ ಬೀದರಿನಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ಮೇಲಿನ ಕೋಣೆಯಲ್ಲಿ ಟೇಪು ಓಡುತ್ತಿತ್ತು. ಹುಡುಗಿಯ ತಂದೆ ಚಹಾದ ಕಪ್ಪು ಕೆಳಗಿಟ್ಟು, "ಮ್ಯಾಲ ಯಾರಿಗರ ಆರಾಮಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು. ಆ ಸಂಬಂಧ ಮುಂದೆ ಹೋಗಲಿಲ್ಲ. ಅದಾದ ಮೇಲೆ ಬಂಡು ಮದುವೆಗೆ ಅವಸರ ಮಾಡಲಿಲ್ಲ. ಮಥುರಾಬಾಯಿ ಒಂದೆರಡು ವರ್ಷ ಹಲುಬಿ ಸುಮ್ಮನಾದರು.

ಬೇಸಿಗೆಯಲ್ಲಿ ಒಂದು ಕಾಟವಿತ್ತು. ಕಲಬುರಗಿಯ ಕರೆಂಟು ಮಧ್ಯಾಹ್ನ ಕುಸಿದುಬಿಡುತ್ತಿತ್ತು. ಪಂಖ ಮುಲುಗುತ್ತಿತ್ತು, ಟೇಪು ಜೋಲಿ ಹೊಡೆಯುತ್ತಿತ್ತು. ಅದಕ್ಕೆ ದಾರಿ ಸಿಕ್ಕಿದ್ದು ಕಮಲಾಪುರದಲ್ಲಿ. ಅಲ್ಲಿಯ ಸಾಯಬಣ್ಣ ಕೆಂಪು ಬಾಳೆಯ ತೋಟದವರು, ಬಂಡೂಗಿಂತ ಹತ್ತು ವರ್ಷ ಹಿರಿಯರು. ಅವರ ಬಾವಿಯ ಮೋಟಾರು ವರ್ಷಕ್ಕೆರಡು ಸಲ ಸುಡುತ್ತಿತ್ತು, ಹುಮನಾಬಾದ್ ರಸ್ತೆಯ ಬಸ್ಸು ಹತ್ತಿ ಬಂಡು ಹೋಗುತ್ತಿದ್ದ. ಒಮ್ಮೆ ಪಂಪಿನ ಕೋಣೆಯಲ್ಲಿ ಟ್ರ್ಯಾಕ್ಟರಿನ ಬ್ಯಾಟರಿ ಕಂಡು ಅವನ ತಲೆ ಓಡಿತು. ಬ್ಯಾಟರಿಯ ಕರೆಂಟು ಏರುವುದಿಲ್ಲ, ಇಳಿಯುವುದಿಲ್ಲ. ಮುಂದಿನ ಭಾನುವಾರ ಎರಡು ಟೇಪ್ ರಿಕಾರ್ಡರು ಹೊತ್ತುಕೊಂಡೇ ಬಂದ.

ಸಾಯಬಣ್ಣ ಬಾಗಿಲಲ್ಲಿ ಕೂತು ಒಂದು ಇಡೀ ಕ್ಯಾಸೆಟ್ಟು ಕೇಳಿದರು.

"ಹ್ಯಾಂಗದರಿ ಸಾಯಬಣ್ಣಾರ?"

"ಛಲೋ ಅದ," ಎಂದರು ಸಾಯಬಣ್ಣ, ತುಸು ಯೋಚಿಸಿ. "ತಿಳೀಲಿಲ್ಲ, ಆದ್ರ ಛಲೋ ಅದ. ಬಾಳಿಹಣ್ಣ ತಿನ್ರಿ."

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ೧೯೮೯ರಲ್ಲಿ ಓಸ್ಲೋದವನೊಬ್ಬ ಪ್ರತಿಯ ಬದಲು ಮೂಲ ಟೇಪನ್ನೇ ಕಳಿಸಿದ್ದ. ಮಷೀನು ಅದನ್ನು ನುಂಗಿತು. ಬಂಡು ತುಂಡಾದ ಟೇಪನ್ನು ಜೋಡಿಸಿದ, ಆದರೆ ಹನ್ನೊಂದು ಸೆಕೆಂಡಿನ ಹಾಡು ಹೋಗಿಬಿಟ್ಟಿತ್ತು. ಮುಚ್ಚಿಡದೆ ಬರೆದು ತಿಳಿಸಿದ. ಓಸ್ಲೋದಿಂದ ಮತ್ತೆ ಕಾಗದ ಬರಲಿಲ್ಲ. ಅಂದಿನಿಂದ ಬಂಡು ಯಾರ ಮೂಲ ಟೇಪನ್ನೂ ತರಿಸಿಕೊಳ್ಳುವುದನ್ನು ಬಿಟ್ಟ.

ಹೀಗಿರುವಾಗ ೧೯೯೩ರ ನವೆಂಬರಿನಲ್ಲಿ ಡೆರೆಕ್‌ನ ಒಂದು ಉದ್ದದ ಕಾಗದ ಬಂತು. ಹತ್ತು ವರ್ಷದ ಗೆಳೆತನದಲ್ಲಿ ಅವನು ಮನೆಯ ಮಾತು ಬರೆದದ್ದು ಕಡಿಮೆ. ಅವನಿಗೆ ಟಾಮ್ ಎಂಬ ತಮ್ಮನಿದ್ದನಂತೆ. ಊರಿನದೇ ಒಂದು ಸಣ್ಣ ತಂಡದಲ್ಲಿ ಡ್ರಮ್ಮು ಬಾರಿಸುತ್ತಿದ್ದ. ಆ ತಂಡ ಒಂದು ರಿಕಾರ್ಡನ್ನೂ ಮಾಡಲಿಲ್ಲ. ೧೯೭೬ರಲ್ಲಿ ಟಾಮ್ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡ, ಇಪ್ಪತ್ಮೂರನೇ ವಯಸ್ಸಿಗೆ. ಅವನು ಬಾರಿಸಿದ್ದರಲ್ಲಿ ಉಳಿದಿರುವುದು ಡೆರೆಕ್ ತಾನೇ ಒಂದು ಕ್ಲಬ್ಬಿನಲ್ಲಿ ಹಿಡಿದ ಇಪ್ಪತ್ತೆರಡು ನಿಮಿಷದ ಟೇಪು ಮಾತ್ರ. ಅವತ್ತು ರಿಕಾರ್ಡರಿನ ಸೆಲ್ಲುಗಳು ಮುಗಿಯುತ್ತ ಬಂದಿದ್ದವು. ಮೊದಲ ಐದು ನಿಮಿಷ ಸರಿಯಿದೆ, ಆಮೇಲೆ ಹಾಡು ಬರಬರುತ್ತ ಬೇಗವಾಗುತ್ತ, ಶ್ರುತಿ ಏರುತ್ತ ಹೋಗಿ ಕೊನೆಗೆ ಟಾಮ್ ಮೈಕಿನಲ್ಲಿ ಆಡುವ ನಾಲ್ಕು ಮಾತು ಕೋಳಿಮರಿಯ ಚಿಲಿಪಿಲಿಯಂತೆ ಕೇಳುತ್ತದೆ. "ಹದಿನೇಳು ವರ್ಷ ಇದನ್ನು ಯಾರಿಗೂ ಕೊಟ್ಟಿಲ್ಲ. ಪ್ರತಿ ತೆಗೆದರೆ ದನಿ ಮತ್ತೂ ಮಸುಕಾಗುತ್ತದೆ. ನೀನು ಒಪ್ಪಿದರೆ ಮೂಲವನ್ನೇ ಕಳಿಸುತ್ತೇನೆ."

ಬಂಡು ಕಾಗದವನ್ನು ಕನ್ನಡದಲ್ಲಿ ತಾಯಿಗೆ ಓದಿ ಹೇಳಿದ. ಒಲ್ಲೆನೆಂದು ಬರೆಯಬೇಕೆಂದಿದ್ದೇನೆ ಎಂದೂ ಹೇಳಿದ.

ಮಥುರಾಬಾಯಿ ಕೇಳಿದರು, "ಅವ್ರವ್ವ ಅದಾಳೇನು?"

"ಅದಾಳಂತವ್ವಾ. ಎಂಬತ್ತು ದಾಟ್ಯಾವಂತ."

"ಹಂಗಾರ ತರಸು. ತಡಾ ಮಾಡಬ್ಯಾಡ."

"ಮತ್ತ ಹರದ್ರ? ಆ ಓಸ್ಲೋದವನ ಗತಿ ಆದ್ರ?"

"ಹರದ್ರ ಹರೀತದ. ಇಟ್ಟರ ಏನ ಕೇಳಸ್ತದ ಆಕಿಗಿ? ಕೋಳಿಮರಿ."

ಟೇಪು ಬಂದದ್ದು ಜನವರಿಯಲ್ಲಿ. ಹತ್ತಿಯಲ್ಲಿ ಸುತ್ತಿ, ಬಿಸ್ಕೀಟಿನ ತಗಡಿನ ಡಬ್ಬಿಯಲ್ಲಿಟ್ಟು ಕಳಿಸಿದ್ದ. ಬಂಡು ಎರಡು ದಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಮೊದಲು ಮಷೀನಿನ ಒಂದೊಂದು ರಬ್ಬರು, ಒಂದೊಂದು ಗಾಲಿ ಬಿಚ್ಚಿ ತೊಳೆದ. ಈ ಕೆಲಸಕ್ಕೆ ಸ್ಕ್ರೂ ಸಾಲದು. ಟೇಪು ಓಡುತ್ತಿರುವಾಗಲೇ ಕ್ಷಣಕ್ಷಣಕ್ಕೂ ವೇಗ ಇಳಿಸುತ್ತ ಹೋಗಬೇಕು. ಅದಕ್ಕಾಗಿ ಪಂಖದ ರೆಗ್ಯುಲೇಟರಿನ ಹಾಗೆ ತಿರುಗಿಸುವ ಒಂದು ಗುಂಡಿಯನ್ನು ಮೋಟಾರಿಗೆ ಜೋಡಿಸಿದ. ಎಷ್ಟು ತಿರುಗಿಸಬೇಕೆಂದು ಹೇಳಲು ಕಿವಿ ಬೇಕು. ಮನೆಯ ಕರೆಂಟನ್ನು ಇದಕ್ಕೆ ನಂಬುವಂತಿಲ್ಲ, ಆ ಕಿವಿ ಬ್ಯಾಟರಿಯಿದ್ದ ಕಮಲಾಪುರಕ್ಕೇ ಬರಬೇಕು.

ಅರವತ್ತೆಂಟರ ಮಥುರಾಬಾಯಿ ಹಾರ್ಮೋನಿಯಂ ಅನ್ನು ಕೌದಿಯಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದರು. ಕಂಡಕ್ಟರು, "ಎಲ್ಲಿ ಭಜನಿ ಅದರಿ ಬಾಯಾರ?" ಎಂದು ಕೇಳಿದ. "ಕಮಲಾಪುರದಾಗ," ಎಂದರು ಅವರು, ಮುಖದಲ್ಲಿ ಏನೂ ತೋರಗೊಡದೆ.

ಸಾಯಬಣ್ಣ ಪಂಪಿನ ಕೋಣೆಯನ್ನು ಸಾರಿಸಿ, ಚಾಪೆ ಹಾಸಿಟ್ಟಿದ್ದರು. ಬ್ಯಾಟರಿ ಹಿಂದಿನ ದಿನವೇ ತುಂಬಿಸಿದ್ದರು. ವಿಷಯ ಕೇಳಿದ ಮೇಲೆ ತೋಟದ ಆಳುಗಳನ್ನು ಆಚೆ ಹೊಲಕ್ಕೆ ಕಳಿಸಿಬಿಟ್ಟರು.

ಮೊದಲ ಐದು ನಿಮಿಷದಲ್ಲಿ ತಂಡ ಬಿಳಿ ಮೂರರ ಮೇಲಿತ್ತು. ಮಥುರಾಬಾಯಿ ಆ ಮನೆಯನ್ನು ಒತ್ತಿ ಹಿಡಿದರು. ಆರನೇ ನಿಮಿಷಕ್ಕೆ ಟೇಪಿನ ಶ್ರುತಿ ಹಾರ್ಮೋನಿಯಂನಿಂದ ಒಂದೆಳೆ ಸರಿಯಿತು. ಎರಡೂ ದನಿ ಒಂದಕ್ಕೊಂದು ತಾಗಿ ನಡುಗತೊಡಗಿದವು. "ಏರಾಕತ್ತದ," ಎಂದರು. ಬಂಡು ಗುಂಡಿ ತಿರುಗಿಸಿದ. ಕೈ ಜೋರಾಯಿತು. ಗಿಟಾರು ಕುಡಿದವನಂತೆ ತೂರಾಡಿತು. ನಿಲ್ಲಿಸಿ ಹಿಂದಕ್ಕೆ ಓಡಿಸಬೇಕಾಯಿತು. ಪ್ರತಿ ಸಲ ಹಿಂದಕ್ಕೆ ಓಡಿಸುವಾಗಲೂ ಬಂಡು ಉಸಿರು ಬಿಗಿಹಿಡಿಯುತ್ತಿದ್ದ. ಎರಡನೇ ರಿಕಾರ್ಡರಿನಲ್ಲಿ ಪ್ರತಿ ಹಿಡಿಯುತ್ತ ಮೊದಲ ದಿನ ನಾಲ್ಕು ಸಲ ಮಾಡಿದರು, ನಾಲ್ಕೂ ಕೆಟ್ಟವು.

ಎರಡನೇ ದಿನ ಹದಿನೆಂಟು ನಿಮಿಷದ ತನಕ ಸರಿಯಾಗಿ ಬಂತು. ಅಷ್ಟರಲ್ಲಿ ಹೋದ ಕರೆಂಟು ಬಂದು, ಬಾವಿಯ ಮೋಟಾರು ತಾನಾಗಿಯೇ ಗುರ್ರೆಂದು ಶುರುವಾಯಿತು. ಮಥುರಾಬಾಯಿಗೆ ಹಾರ್ಮೋನಿಯಂ ಕೂಡ ಕೇಳಿಸದಾಯಿತು. ಸಾಯಬಣ್ಣ ಓಡಿಬಂದು ಫ್ಯೂಜು ಕಿತ್ತು, ತಲೆಗೆ ಕೈ ಹಚ್ಚಿ ನಿಂತರು. "ತಪ್ಪಾತ್ರಿ ಅವ್ವಾರ. ಆಟೋಮ್ಯಾಟಿಕ್ ಹಾಕಿದ್ದು ಮರತೇ ಬಿಟ್ಟೆ."

"ಇರ್ಲಿ ಬಿಡ್ರಿ," ಎಂದರು ಮಥುರಾಬಾಯಿ. "ನಾಳಿಗಿ ಆ ಫ್ಯೂಜ ನನ್ನ ಕೈಯಾಗ ಕೊಡ್ರಿ."

ಮೂರನೇ ದಿನ ಫ್ಯೂಜನ್ನು ಮಡಿಲಲ್ಲಿಟ್ಟುಕೊಂಡೇ ಕೂತರು. ಅವತ್ತು ಅವರು ಬಾಯಿಂದ ಹೇಳಲಿಲ್ಲ. ಎಡಗೈಯಿಂದ ತಿದಿ ಒತ್ತುತ್ತ, ಬಲಗೈಯ ಹೆಬ್ಬೆರಳನ್ನು ಬಿಳಿ ಮೂರರ ಮೇಲೆ ಇಟ್ಟು, ತೋರುಬೆರಳನ್ನು ಮಾತ್ರ ಎತ್ತಿದರು. ಬೆರಳು ಕೂದಲೆಳೆಯಷ್ಟು ಬಾಗಿದರೆ ಬಂಡು ಕೂದಲೆಳೆಯಷ್ಟು ತಿರುಗಿಸುವನು. ಬೆರಳು ನಿಂತರೆ ನಿಲ್ಲುವನು. ಎರಡು ದಿನ ಕೇಳಿ ಕೇಳಿ ಟೇಪು ಎಲ್ಲಿ ಜಾರುತ್ತದೆಂದು ಇಬ್ಬರಿಗೂ ಬಾಯಿಪಾಠವಾಗಿತ್ತು. ಹತ್ತು ನಿಮಿಷ ಕಳೆಯಿತು. ಹದಿನೈದಾಯಿತು. ಬಂಡೂನ ಬೆವರು ಮಷೀನಿನ ಮೇಲೆ ಬೀಳದಂತೆ ಸಾಯಬಣ್ಣ ತಮ್ಮ ಟವೆಲಿನಿಂದ ಅವನ ಹಣೆ ಒರೆಸಿದರು. ಕೊನೆಯ ಹಾಡಿನಲ್ಲಿ ಡ್ರಮ್ಮು ಒಂದೇ ಉಳಿದು, ಟಾಮ್ ಮೂರು ನಿಮಿಷ ಒಬ್ಬನೇ ಬಾರಿಸಿದ. ಅಲ್ಲಿ ಶ್ರುತಿಯೇ ಇರಲಿಲ್ಲ, ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಮಥುರಾಬಾಯಿ ಹಾರ್ಮೋನಿಯಂ ಬಿಟ್ಟು ಕಣ್ಣು ಮುಚ್ಚಿದರು. ತೊಡೆಯ ಮೇಲೆ ತಾಳ ಹಾಕುತ್ತ, ಲಯದಿಂದಲೇ ಅಳೆಯುತ್ತ ಬೆರಳು ಬಾಗಿಸಿದರು.

ಚಪ್ಪಾಳೆ ಎದ್ದಿತು. ಆಮೇಲೆ ಒಬ್ಬ ಗಂಡಸು ಮೈಕಿನ ಹತ್ತಿರ ಬಂದು ಏದುಸಿರು ಬಿಡುತ್ತ ಮಾತಾಡಿದ. ದಪ್ಪ ದನಿ, ತುಸು ನಾಚಿಕೆಯದು. ಕೋಳಿಮರಿಯಲ್ಲ. ಟೇಪು ಮುಗಿಯಿತು.

"ಏನಂದಾ ಅಂವಾ?" ಎಂದು ಕೇಳಿದರು ಸಾಯಬಣ್ಣ.

"ಬಂದವ್ರಿಗೆಲ್ಲಾ ಉಪಕಾರ ಆತು, ಹುಷಾರಾಗಿ ಮನಿ ಮುಟ್ರಿ ಅಂದ," ಎಂದ ಬಂಡು.

ಮಥುರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಮಡಿಲಲ್ಲಿದ್ದ ಫ್ಯೂಜನ್ನು ಸಾಯಬಣ್ಣರ ಕೈಗೆ ಕೊಟ್ಟರು. "ನೀರ ಬಿಟಗೋರಿ ತ್ವಾಟಕ್ಕ. ಎರಡ ದಿನಾ ಒಣಗಿಸೀವಿ."

ಮೂಲವನ್ನೂ ಹೊಸ ಪ್ರತಿಯನ್ನೂ ಕಳಿಸಿದ್ದಕ್ಕೆ ಡೆರೆಕ್‌ನ ಉತ್ತರ ಮಾರ್ಚಿನಲ್ಲಿ ಬಂತು. ಒಂದು ಭಾನುವಾರ ಊಟವಾದ ಮೇಲೆ ತಾಯಿಯನ್ನು ಕೂರಿಸಿ ಟೇಪು ಹಾಕಿದೆ ಎಂದು ಬರೆದಿದ್ದ. ಅವಳಿಗೆ ಆ ಸಂಗೀತ ಎಂದೂ ಸೇರುತ್ತಿರಲಿಲ್ಲ, ಟಾಮ್ ಇದ್ದಾಗಲೂ ಬಾಗಿಲು ಹಾಕಿಕೋ ಅನ್ನುತ್ತಿದ್ದಳು. ಅವತ್ತು ಇಪ್ಪತ್ತೆರಡು ನಿಮಿಷವೂ ಅಲುಗಾಡದೆ ಕೂತಳು. ಕೊನೆಯ ಮಾತು ಬಂದಾಗ, "ಇದು ನಮ್ಮ ಟಾಮ್," ಎಂದಳು. ಮತ್ತೆ ಹಾಕು ಎಂದಳು. ಹಾಡನ್ನಲ್ಲ, ಮಾತನ್ನು.

ಬಂಡು ಓದಿ ಹೇಳುತ್ತಿದ್ದಂತೆ ಮಥುರಾಬಾಯಿ ಎದ್ದು ಒಳಗೆ ಹೋಗಿ, ಒಲೆಯ ಮೇಲೆ ಏನೂ ಇರದಿದ್ದರೂ ಬಹಳ ಹೊತ್ತು ಅಲ್ಲೇ ಇದ್ದರು.

ಆ ವರ್ಷದ ಕೊನೆಗೆ ಶೆಫೀಲ್ಡಿನಿಂದ ಅವರ ಹೆಸರಿಗೇ ಒಂದು ಪಾರ್ಸೆಲ್ಲು ಬಂತು. ಡೆರೆಕ್‌ನ ತಾಯಿ ಕೈಯಾರೆ ಹೆಣೆದ ದಪ್ಪ ಉಣ್ಣೆಯ ಸ್ವೆಟರು. ಕಲಬುರಗಿಯಲ್ಲಿ ಅದನ್ನು ಹಾಕಿಕೊಳ್ಳುವಂಥ ಚಳಿ ವರ್ಷಕ್ಕೆ ನಾಲ್ಕು ಬೆಳಗು ಬಿದ್ದರೆ ಹೆಚ್ಚು. ಆ ನಾಲ್ಕು ಬೆಳಗೂ ಮಥುರಾಬಾಯಿ ಅದನ್ನು ಸೀರೆಯ ಮೇಲೆ ತೊಟ್ಟುಕೊಂಡೇ ಹಾಲು ತರಲು ಹೋಗುತ್ತಿದ್ದರು. ಭಜನಿಯ ಹೆಂಗಸರು ಕೇಳಿದರೆ, "ನಮ್ಮ ಬೀಗರು ಕೊಟ್ಟಾರ," ಅನ್ನುವರು.

ಮುಂದೆ ಕ್ಯಾಸೆಟ್ಟಿನ ಕಾಲ ಇಳಿಯುತ್ತ ಬಂತು. ಬಳಗದವರು ಸಿಡಿಗೆ ಹೊರಳಿದರು, ಆಮೇಲೆ ಕಂಪ್ಯೂಟರಿಗೆ. ಬಂಡೂನ ಮೇಲಿನ ಕೋಣೆಯಲ್ಲಿ ಒಂಬೈನೂರಕ್ಕೂ ಹೆಚ್ಚು ಕಛೇರಿಗಳು ಸೇರಿದ್ದವು. ಮಥುರಾಬಾಯಿಯ ಕಿವಿ ೧೯೯೮ರಿಂದಲೇ ಮಂದವಾಗತೊಡಗಿತು. ಮೊದಲು ಮೇಲಿನ ಸ್ವರಗಳು ಹೋದವು, ಆಮೇಲೆ ಮಾತು. ಅವರು ಬೇಸರಪಟ್ಟಂತೆ ಕಾಣಲಿಲ್ಲ. ಉಳಿದ ದಪ್ಪ ಸ್ವರಗಳಿಂದಲೇ ಪಟ್ಟಿ ಹೇಳುತ್ತ ಬಂಡೂನ ಮಗ್ಗುಲಲ್ಲಿ ಕೂರುವರು. ಸ್ಪೀಕರಿನ ಮೇಲೆ ಅಂಗೈಯಿಟ್ಟು, "ಡ್ರಮ್ಮ ತಿಳೀತದ, ಸಾಕು," ಅನ್ನುವರು. ೨೦೦೧ರ ಆಷಾಢದಲ್ಲಿ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು.

ಬಂಡು ಆ ವರ್ಷ ಟೇಪು ಮುಟ್ಟಲಿಲ್ಲ. ಬಂದ ಪಾರ್ಸೆಲ್ಲುಗಳು ಬಿಚ್ಚದೆ ಬಿದ್ದಿದ್ದವು. ಡೆರೆಕ್ ತಿಂಗಳಿಗೊಂದು ಕಾಗದ ಹಾಕುತ್ತಿದ್ದ. ಅವುಗಳಲ್ಲಿ ಟೇಪಿನ ಮಾತು ಇರುತ್ತಿರಲಿಲ್ಲ. ತಾನು ಓಡಿಸುವ ಬಸ್ಸಿನ ದಾರಿ, ಅಲ್ಲಿ ಬಿದ್ದ ಹಿಮ, ಇಷ್ಟೇ.

ಮಾರನೆಯ ವರ್ಷ ಒಂದು ಭಾನುವಾರ ಸಾಯಬಣ್ಣ ಬಾಳೆಯ ಗೊನೆ ಹೊತ್ತುಕೊಂಡು ಬಂದರು. ಮೇಲಿನ ಕೋಣೆಗೆ ಹತ್ತಿ, ಧೂಳು ಹಿಡಿದ ಪಾರ್ಸೆಲ್ಲುಗಳನ್ನು ನೋಡಿದರು. ಒಂದನ್ನು ತೆಗೆದು ಬಂಡೂನ ಕೈಗಿಟ್ಟರು.

"ಅವ್ವ ಇಲ್ಲದ ಪಟ್ಟಿ ಹ್ಯಾಂಗ ಹಿಡೀಲಿ ಸಾಯಬಣ್ಣಾರ?"

"ಇಪ್ಪತ್ತ ವರ್ಷ ಮಗ್ಗಲಾಗೇ ಕುಂತೀರಲ್ರಿ. ಹಿಡದ ನೋಡ್ರಿ. ಬರಲಿಲ್ಲಂದ್ರ ಬಿಡೂಣಂತ."

ಒಸಾಕಾದಿಂದ ಬಂದ ಟೇಪು ಅದು. ಬಂಡು ಹಾಕಿದ. ಅರ್ಧ ನಿಮಿಷ ಕೇಳಿ, ಸ್ಕ್ರೂಡ್ರೈವರು ತೆಗೆದುಕೊಂಡು ಮೋಟಾರಿನ ಹಿಂದಿನ ತೂತಿಗೆ ಇಟ್ಟ. ಒಂದೆಳೆ ಇಳಿಸಿದ. ಕೇಳಿದ. ಇನ್ನರ್ಧ ಎಳೆ ಇಳಿಸಿ, ಕೈ ತೆಗೆದ. ಹಾರ್ಮೋನಿಯಂ ಒತ್ತಿ ನೋಡಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಸಾಯಬಣ್ಣ ಗೋಡೆಗೊರಗಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಹಾಡು ಮುಗಿಯುವ ತನಕ ಇಬ್ಬರೂ ಕೇಳಿದರು.

ಸೋಮವಾರ ಅರ್ಧ ದಿನ ರಜೆ ಹಾಕಿ, ಒಸಾಕಾಕ್ಕೆ ಸರಿಮಾಡಿದ ಪ್ರತಿ ತೆಗೆದುಕೊಂಡು ಬಂಡು ಪೋಸ್ಟ್ ಆಫೀಸಿಗೆ ಹೋದ.